ಹತ್ತನೇ ನಂಬರಿನ ಜೊತೆ

ಮದುವೆಯಾಗಿ ಈ ಮನೆಗೆ ಬಂದ ಹೊಸದರಲ್ಲಿ ಬಾಗಿಲ ಹತ್ತಿರ ದಿನಾ ಗಂಡಸರ ಎರಡು ಜೊತೆ ದೊಡ್ಡ ಚಪ್ಪಲಿ ಕಾಣುತ್ತಿದ್ದವು. ಒಂದು ನನ್ನ ಗಂಡನದು. ಇನ್ನೊಂದು ಯಾರದು? ಮಾವ ತೀರಿಕೊಂಡು ವರ್ಷಗಳಾಗಿದ್ದವು, ಮೈದುನ ಅಂತ ಯಾರೂ ಇರಲಿಲ್ಲ. ಮನೆಯೊಳಗೆ ನನಗೆ ಗೊತ್ತಿಲ್ಲದ ಇನ್ನೊಬ್ಬ ಗಂಡಸು ಎಲ್ಲಿ ಅಡಗಿದ್ದಾನೆ ಅಂತ ತಲೆ ಕೆಡಿಸಿಕೊಂಡು, ಕೊನೆಗೆ ಅತ್ತೆಯನ್ನು ಕೇಳಿಯೇಬಿಟ್ಟೆ.

"ಅದಾ? ನಿನ್ನ ನಾದಿನೀದು," ಅಂದರು ಅತ್ತೆ, ಯಾರಿಗೂ ಕೇಳಿಸಬಾರದು ಅನ್ನೋ ಹಾಗೆ ದನಿ ತಗ್ಗಿಸಿ. "ಅವಳ ಅಣ್ಣ ಹಾಕಿ ಬಿಟ್ಟಿದ್ದನ್ನ ಅವಳು ಹಾಕ್ಕೊಳ್ತಾಳೆ. ಹೆಂಗಸರದು ಅವಳ ಕಾಲಿಗೆ ಎಲ್ಲಿ ಸಿಗುತ್ತೆ?"

ನಾದಿನಿ ಉದ್ದ ಆಳು. ನನ್ನ ಗಂಡನಿಗಿಂತ ಒಂದು ಹಿಡಿ ಎತ್ತರ. ಅವನು ಅವಳನ್ನು ಕರೆಯುತ್ತಿದ್ದದ್ದೇ ಕೊಕ್ಕರೆ ಅಂತ. ಅವಳೇನು ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. "ಕೊಕ್ಕರೆ ಎತ್ತರದಲ್ಲಿದ್ದೇ ಮೀನು ಹಿಡಿಯುತ್ತೆ ಕಣೋ, ನೀನು ಕೆಸರಲ್ಲೇ ಇರು," ಅಂತ ತಿರುಗಿ ಕೊಡುತ್ತಿದ್ದಳು. ಆದರೆ ಯಾರಾದರೂ ಮನೆಗೆ ಬಂದರೆ ಸಾಕು, ಅತ್ತೆಯ ಕಣ್ಣು ಮೊದಲು ಮಗಳ ಪಾದದ ಕಡೆ ಹೋಗುತ್ತಿತ್ತು. "ಕಾಲು ಒಳಗೆ ಎಳ್ಕೊಂಡು ಕೂತ್ಕೋ," ಅನ್ನುತ್ತಿದ್ದರು. ಆಗ ಅವಳು ಕುರ್ಚಿಯ ಕೆಳಗೆ ಎರಡೂ ಪಾದ ಸರಿಸಿ, ಮೊಣಕಾಲು ಎದೆಗೆ ತಾಗೋ ಹಾಗೆ ಮುದುಡಿ ಕೂರುವಳು. ಅಷ್ಟು ಉದ್ದದ ದೇಹವನ್ನು ಅಷ್ಟು ಚಿಕ್ಕದಾಗಿ ಮಡಿಚಿಡುವುದನ್ನು ನೋಡಿದರೆ ನನಗೆ ನಗುವೂ ಬರುತ್ತಿತ್ತು, ಒಂದು ಥರಾ ಸಂಕಟವೂ ಆಗುತ್ತಿತ್ತು.

ತಮಾಷೆ ಏನೆಂದರೆ ಅವಳು ಕೆಲಸ ಮಾಡುತ್ತಿದ್ದದ್ದು ಚಪ್ಪಲಿ ಅಂಗಡಿಯಲ್ಲಿ. ನಾನು ಕೆಲಸ ಮಾಡುತ್ತಿದ್ದದ್ದು ಅದೇ ಅಂಗಡಿಯ ಹಿಂದಿನ ಕಾರ್ಖಾನೆಯಲ್ಲಿ. ಮುಂದೆ ದೊಡ್ಡ ಬೀದಿಗೆ ಮುಖ ಮಾಡಿ ಅಂಗಡಿ, ಹಿಂದೆ ಅಂಗಳ ದಾಟಿದರೆ ಮೂರಂತಸ್ತಿನ ಕಾರ್ಖಾನೆ. ಕೆಳಗೆ ಚರ್ಮ ಕತ್ತರಿಸೋದು, ನಡುವೆ ಹೊಲಿಗೆ, ಮೇಲೆ ಅಂಟು ಹಾಕಿ ಅಟ್ಟೆ, ಅಂದರೆ ಚಪ್ಪಲಿಯ ತಳ, ಕೂರಿಸೋದು. ನಾನು ನಡುವಿನ ಅಂತಸ್ತಿನಲ್ಲಿ ಪಟ್ಟಿ ಹೊಲಿಯುತ್ತಿದ್ದೆ. ಕಿಟಕಿಯ ಸಾಲಿಗೆ ಯಂತ್ರಗಳು, ಮೇಲೆ ಗರಗರ ತಿರುಗೋ ಫ್ಯಾನು, ಮೂಗಿಗೆ ಸದಾ ಅಂಟಿನ ವಾಸನೆ. ಹೊಸಬರಿಗೆ ತಲೆ ಸುತ್ತುತ್ತದೆ. ನಮಗೆ ರಜೆಯ ದಿನ ಆ ವಾಸನೆ ಇಲ್ಲದಿದ್ದರೆ ಏನೋ ಕಳಕೊಂಡ ಹಾಗೆ.

ಅಂಗಡಿಯಲ್ಲಿ ನಾದಿನಿಯ ಹಾಗೆ ಮಾರುವವರು ಇನ್ನೊಬ್ಬರಿಲ್ಲ. ಗಿರಾಕಿ ಬಾಗಿಲು ದಾಟುವ ನಡಿಗೆ ನೋಡಿಯೇ ಯಾವ ಕಾಲು ನೋಯುತ್ತಿದೆ ಅಂತ ಹೇಳುತ್ತಿದ್ದಳು. ನೆಲದ ಮೇಲೆ ಮಂಡಿಯೂರಿ, ಅವರ ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು, "ಈ ಕಿರುಬೆರಳಿಗೆ ಒತ್ತುತ್ತಾ ಇದೆ ಅಲ್ವಾ? ತಡೀರಿ, ಬೇರೆ ಅಚ್ಚಿಂದು ತರ್ತೀನಿ," ಅನ್ನುವಳು. ಒಮ್ಮೆ ಬಂದವರು ಎರಡನೇ ಸಲ ಬಂದಾಗ, "ಆ ಉದ್ದ ಹುಡುಗಿ ಇಲ್ವಾ?" ಅಂತ ಕೇಳುತ್ತಿದ್ದರು. ಆದರೆ ಆ ಉದ್ದ ಹುಡುಗಿ ತನ್ನ ಅಣ್ಣನ ಸವೆದ ಚಪ್ಪಲಿಯನ್ನು ಗಲ್ಲಾದ ಹಿಂದೆ ಬಿಟ್ಟು, ಗಿರಾಕಿಗಳ ಎದುರು ಬರಿಗಾಲಲ್ಲಿ ಓಡಾಡುತ್ತಿದ್ದಳು. ಯಾರಾದರೂ ಕೇಳಿದರೆ, "ಮಂಡಿಯೂರಿ ಕೂರೋಕೆ ಇದೇ ಸಲೀಸು," ಅಂದುಬಿಡುವಳು.

ಹೀಗೇ ನಡೆಯುತ್ತಿರುವಾಗ ನಮ್ಮ ಯಜಮಾನಿ ಅಂಗಡಿಯನ್ನು ಹೊಸದು ಮಾಡಿಸಿದರು. ಹಳೇ ಮರದ ಕಪಾಟು ಕಿತ್ತು ಗಾಜಿನ ಕಪಾಟು ಬಂತು, ನೆಲಕ್ಕೆ ಹೊಸ ಹಾಸು ಬಂತು, ಬೀದಿಯ ಕಡೆಗೆ ಇಡೀ ಗೋಡೆಯೇ ಗಾಜಾಯಿತು. ಯಜಮಾನಿ ಗಟ್ಟಿ ಹೆಂಗಸು. ಮಾತು ಒರಟು, ಮನಸ್ಸು ಕೆಟ್ಟದ್ದಲ್ಲ. ಅಂಗಡಿ ಮತ್ತೆ ತೆರೆಯುವ ದಿನ ಮಾರುವ ಹೆಂಗಸರೆಲ್ಲ ನಮ್ಮದೇ ಹೊಸ ಮಾದರಿಯ ಚಪ್ಪಲಿ ಹಾಕಿ ಬಾಗಿಲಲ್ಲಿ ನಿಲ್ಲಬೇಕು ಅಂತ ಅವರ ಆಸೆ. ದಾಳಿಂಬೆ ಬಣ್ಣದ ಮೂರು ಪಟ್ಟಿಯ ಚಪ್ಪಲಿ, ಪಕ್ಕದಲ್ಲಿ ಸಣ್ಣ ಬಕಲ್ಲು. ಅದರ ಪಟ್ಟಿ ಹೊಲಿದವಳು ನಾನೇ, ಹಾಗಾಗಿ ಹೇಳಿಕೊಳ್ಳಬಾರದು, ಆದರೂ ಹೇಳುತ್ತೇನೆ: ಚೆಂದ ಅಂದರೆ ಚೆಂದ.

ಆದರೆ ನಮ್ಮಲ್ಲಿ ಹೆಂಗಸರ ನಂಬರು ಎಂಟಕ್ಕೇ ಮುಗಿಯುತ್ತಿತ್ತು. ನಾದಿನಿಯದು ಹತ್ತು.

ಯಜಮಾನಿ ಅವಳನ್ನು ಪಕ್ಕಕ್ಕೆ ಕರೆದು, "ನೀನು ಅವತ್ತೊಂದು ದಿನ ಒಳಗೆ ಗೋಡೌನ್ ನೋಡ್ಕೊಂಬಿಡು. ಡಬ್ಬ ತೆಗೆದು ಕೊಡೋಕೂ ಗಟ್ಟಿ ಜನ ಬೇಕಲ್ಲ," ಅಂದರಂತೆ. ಅವಮಾನ ಮಾಡಬೇಕು ಅಂತ ಅಂದದ್ದಲ್ಲ. ಅವರಿಗೆ ಬೇರೆ ದಾರಿ ಹೊಳೆಯಲಿಲ್ಲ, ಅಷ್ಟೇ.

ಅವತ್ತು ಸಂಜೆ ನಾದಿನಿ ಅದನ್ನೇ ಮನೆಯಲ್ಲಿ ಒಂದು ತಮಾಷೆಯ ಹಾಗೆ ಹೇಳಿದಳು. ಯಜಮಾನಿಯ ದನಿಯನ್ನೇ ಅನುಕರಿಸಿ, ಕೈ ತಿರುಗಿಸಿ, ಕಣ್ಣರಳಿಸಿ. ಅವಳ ಅಣ್ಣ ಬಿದ್ದು ಬಿದ್ದು ನಕ್ಕ. ನಾನೂ ನಕ್ಕೆ. ಆಮೇಲೆ ಅವಳು ಹಿತ್ತಿಲಿಗೆ ಹೋಗಿ ಆ ಸವೆದ ಚಪ್ಪಲಿಗಳನ್ನು ಬ್ರಶ್ ಹಿಡಿದು ಉಜ್ಜತೊಡಗಿದಳು. ಉಜ್ಜಿದ್ದೇ ಉಜ್ಜಿದ್ದು. ಅದರಲ್ಲಿ ಉಜ್ಜುವಂಥ ಕೊಳೆ ಏನೂ ಇರಲಿಲ್ಲ.

ಮಾರನೇ ದಿನ ಊಟದ ವಿರಾಮದಲ್ಲಿ ನಾನು ಸೀದಾ ಫರ್ಮಾ ಮೇಸ್ತ್ರಿಯ ಹತ್ತಿರ ಹೋದೆ. ಫರ್ಮಾ ಅಂದರೆ ಪಾದದ ಆಕಾರದ ಮರದ ಅಚ್ಚು. ಅದರ ಮೇಲೆ ಚರ್ಮ ಎಳೆದು ಕೂರಿಸಿಯೇ ಚಪ್ಪಲಿ, ಬೂಟು ಎಲ್ಲ ತಯಾರಾಗೋದು. ಮೇಸ್ತ್ರಿ ಕೆಳಗಿನ ಅಂತಸ್ತಿನ ಮೂಲೆಯಲ್ಲಿ ಮರದ ಪುಡಿಯ ರಾಶಿಯ ನಡುವೆ ಕೂತಿರುತ್ತಿದ್ದರು. ಬಿಳಿ ಹುಬ್ಬು, ಕಿವಿಯ ಸಂದಿಯಲ್ಲಿ ಪೆನ್ಸಿಲು. ನನ್ನನ್ನು ಕಂಡರೆ ಅವರಿಗೆ ಒಂದೇ ಹಾಸ್ಯ.

"ಬಾಮ್ಮ ಬಾ. ಮನೇಲಿ ಅತ್ತೆ, ಇಲ್ಲಿ ಅಟ್ಟೆ. ಯಾವುದು ಬೇಗ ಬಗ್ಗುತ್ತೆ ಹೇಳು?"

"ಎರಡೂ ಬಗ್ಗಲ್ಲ ಮೇಸ್ತ್ರಿಗಳೇ. ನೀವು ಬಗ್ಗಬೇಕು," ಅಂದೆ. "ಹೆಂಗಸರ ಹತ್ತನೇ ನಂಬರಿಗೆ ಒಂದು ಫರ್ಮಾ ಆಗುತ್ತಾ?"

ಅವರು ಕೈಯಲ್ಲಿದ್ದ ಉಳಿ ಕೆಳಗಿಟ್ಟರು. "ಹತ್ತಾ! ಎಂಟರ ಮೇಲೆ ಯಾರೂ ಕೇಳಲ್ಲ ಅಂತ ಮೇಡಂ ಮಾಡಿಸಲ್ಲ. ಅಂಗಡೀಲಿ ಇಲ್ಲ ಅಂತ ಯಾರೂ ಕೇಳಲ್ಲ. ಇದು ಹಿಂಗೇ ಸುತ್ತುತ್ತಾ ಇರುತ್ತೆ." ಆಮೇಲೆ ಹುಬ್ಬು ಮೇಲೆ ಮಾಡಿ ಕೇಳಿದರು, "ಯಾರಿಗಮ್ಮ?"

ಹೇಳಿದೆ. ಅವರು ಕಿವಿಯ ಸಂದಿಯ ಪೆನ್ಸಿಲು ತೆಗೆದರು. "ಅದೇ ಐದು, ಆರು, ಏಳು ಅಂತ ಕೆತ್ತಿ ಕೆತ್ತಿ ಕೈಗೆ ತುಕ್ಕು ಹಿಡಿದಿತ್ತು. ಕರ್ಕೊಂಬಾ ಅವಳನ್ನ," ಅಂದರು. "ಆದ್ರೆ ಕದ್ದು ಮುಚ್ಚಿ ಬೇಡ. ಮೇಡಂಗೆ ಒಂದು ಮಾತು ಹಾಕು."

ಮೆಟ್ಟಿಲು ಹತ್ತಿ ಯಜಮಾನಿಯ ಮುಂದೆ ಹೋಗಿ ನಿಂತೆ. ಕತ್ತರಿಸಿ ಉಳಿದ ಚರ್ಮದ ಚೂರು ಸಾಕು, ಊಟದ ಹೊತ್ತಿನಲ್ಲಿ ಮಾಡಿಕೊಳ್ಳುತ್ತೇವೆ, ಕೆಲಸಕ್ಕೆ ಏನೂ ತೊಂದರೆ ಆಗಲ್ಲ ಅಂತ ಒಂದೇ ಉಸಿರಲ್ಲಿ ಒದರಿದೆ. ಅವರು ಕನ್ನಡಕದ ಮೇಲಿಂದ ನೋಡಿದರು.

"ಅಟ್ಟೆ ಎಲ್ಲಿಂದ ತರ್ತೀರಾ? ಆ ನಂಬರಿಗೆ ಅಟ್ಟೆಯ ಅಚ್ಚೇ ಇಲ್ಲ."

"ರಬ್ಬರ್ ಹಾಳೆಯಿಂದ ಮೇಸ್ತ್ರಿಗಳು ಕೈಯಲ್ಲೇ ಕತ್ತರಿಸ್ತಾರಂತೆ ಮೇಡಂ."

"ಮಾಡ್ಕೊಳ್ಳಿ. ಆದ್ರೆ ಮಾಡಿದ್ದು ಉಳಿದ ಜೊತೆಗಳ ಪಕ್ಕ ಇಟ್ಟರೆ ಬೇರೆ ಅಂತ ಕಾಣಬಾರದು. ಕಂಡರೆ ನಾನು ಬಾಗಿಲಲ್ಲಿ ನಿಲ್ಸಲ್ಲ." ಹಾಗಂದು ಮತ್ತೆ ಕಾಗದದ ಕಡೆ ತಿರುಗಿದರು. ನಾನು ಮೆಟ್ಟಿಲನ್ನು ಎರಡೆರಡಾಗಿ ಹಾರಿ ಇಳಿದೆ.

ಕಷ್ಟ ಆದದ್ದು ನಾದಿನಿಯನ್ನು ಒಪ್ಪಿಸುವುದು. "ಬೇಡ ಅತ್ತಿಗೆ, ಸುಮ್ನಿರು. ಇಡೀ ಕಾರ್ಖಾನೆ ನನ್ನ ಕಾಲು ಅಳೆಯೋಕೆ ನಿಲ್ಲುತ್ತೆ," ಅಂದಳು. ನಾನು ಕೈ ಹಿಡಿದು ದರದರ ಎಳೆದುಕೊಂಡು ಹೋದೆ. ಮೇಸ್ತ್ರಿ ಒಂದು ಎತ್ತರದ ಸ್ಟೂಲು ತೋರಿಸಿದರು. ಕೂತಳು. ರೂಢಿ ನೋಡಿ, ಕೂತ ತಕ್ಷಣ ಎರಡೂ ಪಾದ ಸ್ಟೂಲಿನ ಹಿಂದಕ್ಕೆ ಹೋದವು.

"ಹಿಂದೆ ಇಟ್ಕೊಂಡ್ರೆ ನಾನು ಹಿಂದೆ ಬರಬೇಕಾಗುತ್ತೆ ತಾಯಿ. ನನ್ನ ಮಂಡಿಗೆ ವಯಸ್ಸಾಗಿದೆ," ಅಂದರು ಮೇಸ್ತ್ರಿ.

ಅವಳು ನಗುತ್ತಾ ಬಲಗಾಲು ಮುಂದೆ ಚಾಚಿದಳು. ಮೇಸ್ತ್ರಿ ನೆಲದ ಮೇಲೆ ಕೂತು, ಕಾಗದ ಹಾಸಿ, ಅವಳ ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು ಅದರ ಮೇಲಿಟ್ಟರು. ಪೆನ್ಸಿಲು ಬೆರಳುಗಳ ಸುತ್ತ ಹರಿದಾಗ ಕಚಗುಳಿಯಾಗಿ ಅವಳು ಕಿಲಕಿಲ ನಕ್ಕಳು. ನಗುತ್ತಾ ನಗುತ್ತಾ ಇದ್ದಕ್ಕಿದ್ದ ಹಾಗೆ ಅವಳ ಕಣ್ಣು ತುಂಬಿಬಂತು.

"ಏನಾಯ್ತೇ?" ಅಂದೆ ಗಾಬರಿಯಿಂದ.

"ಏನಿಲ್ಲ ಅತ್ತಿಗೆ. ಬೆಳಿಗ್ಗೆಯಿಂದ ಸಂಜೆವರೆಗೆ ಊರವರ ಕಾಲು ಹಿಡೀತೀನಿ. ನನ್ನ ಕಾಲನ್ನ ಯಾರೂ ಹೀಗೆ ಹಿಡಿದಿರಲಿಲ್ಲ."

ಮೇಸ್ತ್ರಿ ತಲೆ ಎತ್ತಲಿಲ್ಲ. ಟೇಪನ್ನು ಪಾದದ ನಡುವಿಗೆ ಸುತ್ತುತ್ತಾ, "ನೋಡಮ್ಮ, ನಿಂದು ಉದ್ದ ಪಾದ, ಅಗಲ ಅಲ್ಲ. ಗಂಡಸರ ಚಪ್ಪಲಿ ನಿನಗೆ ಯಾವತ್ತೂ ಸರಿ ಹೋಗಿಲ್ಲ. ಜಾರಿ ಹೋಗದ ಹಾಗೆ ಬೆರಳಲ್ಲೇ ಬಿಗಿ ಹಿಡಿದು ನಡೀತಿದ್ದೀಯ. ಅದಕ್ಕೇ ಇಲ್ಲಿ ಆಣಿ ಎದ್ದಿರೋದು," ಅಂದರು. ಅವಳು ತನ್ನ ಪಾದವನ್ನೇ ಹೊಸದಾಗಿ ಕಂಡವಳ ಹಾಗೆ ಬಗ್ಗಿ ನೋಡಿಕೊಂಡಳು.

ಮೊದಲ ಜೊತೆ ಮಾಡಿದೆವು. ಅದರ ಕಥೆ ಏನು ಹೇಳಲಿ. ಎಂಟನೇ ನಂಬರಿನ ಪಟ್ಟಿಯನ್ನೇ ಸ್ವಲ್ಪ ಉದ್ದ ಮಾಡಿ ಹೊಲಿದಿದ್ದೆ. ಫರ್ಮಾದ ಮೇಲೆ ಎಳೆದು ಕೂರಿಸಿ, ಅಂಟು ಹಾಕಿ, ಒಣಗಿಸಿ, ಎತ್ತಿ ಹಿಡಿದಾಗ ಒಬ್ಬರಿಗೊಬ್ಬರು ಮುಖ ತೋರಿಸಲು ನಾಚಿಕೆಯಾಯಿತು. ಮುಂದೆ ಮೂತಿ ಚಾಚಿತ್ತು, ಪಟ್ಟಿಗಳು ಹಿಮ್ಮಡಿಗೂ ಬೆರಳಿಗೂ ನಡುವೆ ದಾರಿ ತಪ್ಪಿದವರ ಹಾಗೆ ನಿಂತಿದ್ದವು. ನಾದಿನಿ ಹಾಕಿಕೊಂಡು ಒಂದು ಹೆಜ್ಜೆ ಇಟ್ಟಳೋ ಇಲ್ಲವೋ, ಬಲಗಾಲಿನ ಪಟ್ಟಿ ಟಪ್ ಅಂತ ಕಿತ್ತು ಬಂತು. ಮನೆಗೆ ತಂದು ತೋರಿಸಿದರೆ ನನ್ನ ಗಂಡ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, "ದೋಣಿ ಏನೋ ಸಿಕ್ತು, ಹುಟ್ಟು ಎಲ್ಲಿ?" ಅಂತ ಕೇಳಿದ. ಎಲ್ಲರಿಗಿಂತ ಹೆಚ್ಚು ನಕ್ಕವಳು ನಾದಿನಿಯೇ. ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟಳು.

ಮೇಸ್ತ್ರಿಗೆ ಮಾತ್ರ ನಗು ಬರಲಿಲ್ಲ. ಹಠ ಬಂತು. ಉದ್ದ ಮಾಡಿದರೆ ಸಾಲದು, ಪಟ್ಟಿ ಕೂರುವ ಜಾಗವೇ ಹಿಂದಕ್ಕೆ ಹೋಗಬೇಕು, ನಡುವಿನ ಪಟ್ಟಿ ಸ್ವಲ್ಪ ಓರೆಯಾಗಬೇಕು ಅಂತ ಕಾಗದದ ಮೇಲೆ ಬರೆದು ಹರಿದು, ಬರೆದು ಹರಿದು ಕೂತರು. ನಾನು ಹೊಸದಾಗಿ ಪಟ್ಟಿ ಹೊಲಿದೆ, ಈ ಸಲ ಒಳಗೆ ತೆಳು ಬಟ್ಟೆಯ ಅಸ್ತರು ಕೊಟ್ಟು. ಅಟ್ಟೆಯ ಅಂಚನ್ನು ಮೇಸ್ತ್ರಿ ತಾವೇ ಉಜ್ಜಿ ಉಜ್ಜಿ, ಅಚ್ಚಿನಿಂದ ಬಂದದ್ದೋ ಕೈಯಿಂದ ಆದದ್ದೋ ಗೊತ್ತಾಗದ ಹಾಗೆ ನುಣುಪು ಮಾಡಿದರು. ಬಕಲ್ಲು ಕೂರಿಸಿದ ದಿನ ನಾದಿನಿಯನ್ನು ಹೊಲಿಗೆಯ ಅಂತಸ್ತಿಗೆ ಕರೆಸಿದೆವು.

ಹಾಕಿಕೊಂಡಳು. ಎದ್ದು ನಿಂತಳು. ಯಂತ್ರಗಳ ಎರಡು ಸಾಲಿನ ನಡುವೆ ಕಿಟಕಿಯವರೆಗೆ ನಡೆದಳು. ಅಲ್ಲಿಯವರೆಗೆ ಅವಳು ಬಂದರೆ ಚಪ್ಪಟ್ ಚಪ್ಪಟ್ ಅಂತ ಸದ್ದು ಮೊದಲು ಬರುತ್ತಿತ್ತು, ಅವಳು ಆಮೇಲೆ. ಈಗ ಸದ್ದೇ ಇಲ್ಲ. ಹೊಲಿಯುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ಯಂತ್ರ ನಿಲ್ಲಿಸಿ ತಿರುಗಿ ನೋಡಿದರು. ಕಿಟಕಿಯ ಹತ್ತಿರ ಅವಳು ನಿಂತು, ಹಿಂದಕ್ಕೆ ತಿರುಗಿ, ಏನೋ ನಂಬಲಾಗದವಳ ಹಾಗೆ, "ಅತ್ತಿಗೆ, ಇದು ನನ್ನ ಜೊತೆಗೇ ಬರ್ತಾ ಇದೆ!" ಅಂದಳು.

ಇಡೀ ಅಂತಸ್ತು ಚಪ್ಪಾಳೆ ತಟ್ಟಿತು. ಮೇಸ್ತ್ರಿ ಮಾತ್ರ ಬಗ್ಗಿ ಅವಳ ಹಿಮ್ಮಡಿಯನ್ನೇ ನೋಡುತ್ತಿದ್ದರು. "ಎಡಗಾಲಲ್ಲಿ ಇನ್ನೊಂದು ಕೂದಲೆಳೆಯಷ್ಟು ತೆಗೀಬಹುದಿತ್ತು," ಅಂತ ಗೊಣಗಿದರು.

ಯಜಮಾನಿ ಬಂದು ಅದನ್ನು ಉಳಿದ ಜೊತೆಗಳ ಪಕ್ಕ ಇಡಿಸಿ, ತಿರುಗಿಸಿ, ಮಗುಚಿ, ಬಕಲ್ಲು ಎಳೆದು ನೋಡಿದರು. "ನಿಲ್ಲು ಬಾಗಿಲಲ್ಲಿ," ಅಂದರು. ಅಷ್ಟೇ.

ಚಪ್ಪಲಿ ಮನೆಗೆ ಬಂದಾಗ ಅತ್ತೆ ಮಾತ್ರ ಮುಖ ಸಿಂಡರಿಸಿದರು. "ಬಣ್ಣ ಎದ್ದು ಕಾಣುತ್ತೆ. ಎಲ್ಲರ ಕಣ್ಣೂ ಕಾಲ ಮೇಲೇ ಬೀಳುತ್ತೆ," ಅಂದರು. ನಾದಿನಿ ಬಾಗಿಲ ಬಳಿ ಅದನ್ನು ಅಂದವಾಗಿ ಜೋಡಿಸಿಟ್ಟಳು.

ಮರುದಿನ ಬೆಳಿಗ್ಗೆ ನಾನು ನೀರು ತರಲು ಹೊರಟವಳು ಬಾಗಿಲಲ್ಲೇ ನಿಂತುಬಿಟ್ಟೆ. ಅತ್ತೆ ಗೋಡೆ ಹಿಡಿದುಕೊಂಡು, ಆ ದಾಳಿಂಬೆ ಬಣ್ಣದ ಚಪ್ಪಲಿಯೊಳಗೆ ನಿಂತಿದ್ದರು. ಹೆಚ್ಚೂ ಕಡಿಮೆ ಸರಿಯಾಗಿ ಕೂತಿತ್ತು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ಅವರ ಪಾದ ಅಷ್ಟು ದೊಡ್ಡದು ಅಂತ ನನಗೆ ಗೊತ್ತೇ ಇರಲಿಲ್ಲ. ಮನೆಯಲ್ಲಿ ಬರಿಗಾಲು, ಹೊರಗೆ ಹೋದರೆ ಹಿಮ್ಮಡಿ ಹೊರಗೆ ಜೋತುಬೀಳುವ ಒಂದು ಹಳೇ ರಬ್ಬರ್ ಚಪ್ಪಲಿ. ಬಟ್ಟೆಯ ಅಂಚು ಯಾವಾಗಲೂ ನೆಲ ಗುಡಿಸುತ್ತಿತ್ತು.

ನನ್ನನ್ನು ಕಂಡು ಬೆಚ್ಚಿದರು. "ತೂಕ ಎಷ್ಟಿದೆ ಅಂತ ನೋಡ್ತಿದ್ದೆ."

"ಕಾಲಲ್ಲಿ ಹಾಕ್ಕೊಂಡು ತೂಕ ನೋಡ್ತಾರಾ ಅತ್ತೆ?"

ಅವರಿಗೆ ನಗು ತಡೆಯಲಾಗಲಿಲ್ಲ. ನಕ್ಕು, ಆಮೇಲೆ ಮೆಲ್ಲಗೆ ಹೇಳಿದರು. "ನಮ್ಮಮ್ಮ ನಂಗೆ ಹೇಳ್ತಿದ್ರು, ಕಾಲು ಒಳಗೆ ಎಳ್ಕೋ ಅಂತ. ನಾನು ಇವಳಿಗೆ ಹೇಳಿದೆ. ಯಾಕೆ ಹೇಳಿದೆ ಅಂತ ಈಗ ಕೇಳಿದ್ರೆ ನಂಗೂ ಗೊತ್ತಿಲ್ಲ." ಚಪ್ಪಲಿ ಬಿಚ್ಚಿ, ತಮ್ಮ ಬಟ್ಟೆಯ ಅಂಚಿನಿಂದಲೇ ಒರೆಸಿ, ಮೊದಲಿನ ಹಾಗೇ ಜೋಡಿಸಿಟ್ಟರು. "ಅವಳಿಗೆ ಹೇಳ್ಬೇಡ," ಅಂದರು. ಹೇಳದೆ ಇರಲು ನನ್ನಿಂದ ಆಗುತ್ತದೆಯೇ? ಕೆಲಸಕ್ಕೆ ಹೋಗುವ ದಾರಿಯಲ್ಲೇ ನಾದಿನಿಗೆ ಹೇಳಿದೆ. ಇಬ್ಬರೂ ಬೀದಿಯ ನಡುವೆ ನಿಂತು ಬಿದ್ದು ಬಿದ್ದು ನಕ್ಕೆವು.

ಅಂಗಡಿ ತೆರೆಯುವ ದಿನ ಬಂತು. ನಮಗೆ ಕಾರ್ಖಾನೆಯವರಿಗೂ ಅರ್ಧ ದಿನ ಬಿಡುವು ಕೊಟ್ಟಿದ್ದರು. ನಾವೆಲ್ಲ ಅಂಗಳದ ಕಡೆಯ ಬಾಗಿಲಲ್ಲಿ ಇಣುಕುತ್ತಾ ನಿಂತಿದ್ದೆವು. ಗಾಜಿನ ಗೋಡೆಯಿಂದ ಬಿಸಿಲು ಒಳಗೆ ಸುರಿಯುತ್ತಿತ್ತು. ಎಲ್ಲ ಕಡೆ ಹೊಸ ಚರ್ಮದ ವಾಸನೆ. ಬಾಗಿಲ ಎರಡೂ ಬದಿಗೆ ಮಾರುವ ಹೆಂಗಸರು, ಕೊನೆಯಲ್ಲಿ ನಮ್ಮ ಕೊಕ್ಕರೆ, ಕತ್ತು ನೆಟ್ಟಗೆ ಮಾಡಿಕೊಂಡು.

ಜನ ನುಗ್ಗಿದರು. ಆ ಗದ್ದಲದಲ್ಲಿ ಒಬ್ಬಳು ಎತ್ತರದ ಹೆಂಗಸು, ಆಟಗಾರರು ಹಾಕುವಂಥ ಬಟ್ಟೆ, ಹೆಗಲಿಗೆ ಚೀಲ, ಯಾರ ಜೊತೆಗೋ ಬಂದವಳು, ಸುಮ್ಮನೆ ಗೋಡೆಗೆ ಒರಗಿ ನಿಂತಿದ್ದಳು. ಕಪಾಟಿನ ಕಡೆ ನೋಡಲೇ ಇಲ್ಲ. ಕಾಲಲ್ಲಿ ಗಂಡಸರ ಬೂಟು. ನಾದಿನಿ ಅವಳನ್ನು ಕಂಡಳು. ಅವಳು ನಾದಿನಿಯ ಕಾಲನ್ನು ಕಂಡಳು.

"ಇದು... ಇಲ್ಲೇ ತಗೊಂಡಿದ್ದಾ?" ಕೇಳಿದಳು ಆ ಹೆಂಗಸು.

"ಇಲ್ಲೇ ಮಾಡಿದ್ದು."

"ಯಾವ ನಂಬರು?"

"ಹತ್ತು."

ಆ ಹೆಂಗಸಿನ ಮುಖ ನೋಡಬೇಕಿತ್ತು. "ನನ್ನದೂ ಹತ್ತೇ. ಇನ್ನೊಂದು ಜೊತೆ ಇದೆಯಾ?"

"ಇರೋದು ಇದೊಂದೇ," ಅಂದಳು ನಾದಿನಿ. ತನ್ನ ಕಾಲನ್ನೊಮ್ಮೆ ನೋಡಿಕೊಂಡಳು. ಆಮೇಲೆ ಮಂಡಿಯೂರಿ ತನ್ನ ಕಾಲಿನ ಬಕಲ್ಲು ಬಿಚ್ಚಿ, ಆ ಜೊತೆಯನ್ನು ಅವಳ ಮುಂದಿಟ್ಟಳು. "ಹಾಕ್ಕೊಂಡು ನೋಡಿ."

ಆ ಹೆಂಗಸು ಬೂಟು ಕಳಚಿ ಚಪ್ಪಲಿ ಹಾಕಿಕೊಂಡಳು. ನಾದಿನಿ ಅವಳ ಹಿಮ್ಮಡಿ ಹಿಡಿದು, ಪಟ್ಟಿ ಎಳೆದು, ಬಕಲ್ಲು ಹಾಕಿದಳು. ಆ ಹೆಂಗಸು ಎದ್ದು ಅಂಗಡಿಯ ಆ ತುದಿಯಿಂದ ಈ ತುದಿಗೆ ನಡೆದಳು, ಮತ್ತೆ ನಡೆದಳು, ಕನ್ನಡಿಯ ಮುಂದೆ ನಿಂತು ಕಾಲನ್ನು ಆ ಕಡೆ ಈ ಕಡೆ ತಿರುಗಿಸಿದಳು. "ನಾನು ಇದನ್ನ ಬಿಚ್ಚಲ್ಲ," ಅಂದಳು. "ನೀವು ಏನು ಹೇಳಿದ್ರೂ ಬಿಚ್ಚಲ್ಲ."

"ಬಿಚ್ಚಬೇಡಿ," ಅಂದಳು ನಾದಿನಿ.

ಆ ಹೊತ್ತಿಗೆ ಯಜಮಾನಿ ಅಲ್ಲಿಗೆ ಬಂದರು. ಬಾಗಿಲಲ್ಲಿ ಹೊಸ ಚಪ್ಪಲಿ ಹಾಕಿ ನಿಲ್ಲಬೇಕಾದವಳು ಬರಿಗಾಲಲ್ಲಿ, ಅದೂ ಮೊದಲ ದಿನವೇ. "ಎಲ್ಲಿ ನಿನ್ನ ಚಪ್ಪಲಿ?"

"ಮಾರಿಬಿಟ್ಟೆ ಮೇಡಂ."

ಯಜಮಾನಿ ಆ ಹೆಂಗಸಿನ ಕಾಲು ನೋಡಿದರು, ನಾದಿನಿಯ ಕಾಲು ನೋಡಿದರು. ಅವರ ತುಟಿ ಮೊದಲು ಒಂದು ಬದಿಗೆ ಸರಿಯಿತು, ಆಮೇಲೆ ಅವರು ಬಾಯಿ ತುಂಬ ನಕ್ಕರು. ಅವರು ಹಾಗೆ ನಕ್ಕಿದ್ದನ್ನು ನಾವು ಯಾರೂ ಕಂಡಿರಲಿಲ್ಲ. "ಹಾಕ್ಕೊಂಡಿರೋದನ್ನೇ ಬಿಚ್ಚಿ ಮಾರೋಳನ್ನ ನಾನು ಗೋಡೌನಲ್ಲಿ ಕೂರಿಸೋಕೆ ಹೊರಟಿದ್ದೆನಲ್ಲ!" ಅಂದರು. ಆ ದಿನ ಪೂರ್ತಿ ನಾದಿನಿ ಬಾಗಿಲಲ್ಲೇ ನಿಂತಳು, ಬರಿಗಾಲಲ್ಲಿ.

ಕೆಲವು ದಿನ ಕಳೆದವು. ಮೇಸ್ತ್ರಿ ಅವಳಿಗೆ ಇನ್ನೊಂದು ಜೊತೆ ಮಾಡಲು ಕೂತಿದ್ದರು. ಒಂದು ಮಧ್ಯಾಹ್ನ ಅಂಗಡಿಯಿಂದ ಕೂಗು ಬಂತು, "ಬೇಗ ಬನ್ನಿ, ಬೇಗ ಬನ್ನಿ!" ಓಡಿ ಹೋಗಿ ನೋಡಿದರೆ ಅಂಗಡಿಯ ತುಂಬಾ ಎತ್ತರದ ಹೆಂಗಸರು. ಒಬ್ಬರಿಗಿಂತ ಒಬ್ಬರು ಉದ್ದ. ಒಳಗೆ ಬರುವಾಗ ಬಾಗಿಲ ಮೇಲಿನ ಬೋರ್ಡಿಗೆ ತಲೆ ತಾಗದ ಹಾಗೆ ಬಗ್ಗಿ ಬರುತ್ತಿದ್ದರು. ಅವತ್ತು ಚಪ್ಪಲಿ ತೆಗೆದುಕೊಂಡು ಹೋದವಳು ಬ್ಯಾಸ್ಕೆಟ್‌ಬಾಲ್ ತಂಡದ ಕ್ಯಾಪ್ಟನ್ ಅಂತೆ. ಇಡೀ ತಂಡವನ್ನೇ ಎಬ್ಬಿಸಿಕೊಂಡು ಬಂದಿದ್ದಳು.

"ನಿಂತ್ಕೊಂಡ್ರೆ ಬಲ್ಬಿಗೆ ತಾಗುತ್ತೆ, ಕೂತ್ಕೊಳ್ರೇ!" ಅಂತ ಕ್ಯಾಪ್ಟನ್ ಕೂಗಿದಳು. ಅವರು ಬೆಂಚಿನ ಮೇಲೆ ಸಾಲಾಗಿ ಕೂತರು. ಕೂತು, ಎಲ್ಲರೂ ಕಾಲನ್ನು ಮುಂದಕ್ಕೆ ಚಾಚಿದರು. ಅಬ್ಬಾ, ಎಂಥಾ ಸಾಲು! ನಾದಿನಿ ಅಂಗಡಿಯ ನಡುವೆ ಸೊಂಟದ ಮೇಲೆ ಕೈಯಿಟ್ಟು ನಿಂತು ಆ ಸಾಲನ್ನು ನೋಡಿದ ರೀತಿ ಇನ್ನೂ ನನ್ನ ಕಣ್ಣಮುಂದಿದೆ. ಕಳೆದುಹೋದ ನೆಂಟರೆಲ್ಲ ಒಂದೇ ಬಸ್ಸಿನಲ್ಲಿ ಬಂದಿಳಿದ ಹಾಗೆ.

ಮೇಸ್ತ್ರಿಯನ್ನು ಮರದ ಪುಡಿಯ ಸಮೇತ ಅಂಗಡಿಗೆ ಕರೆಸಿದರು. ಅವರು ಕಾಗದದ ಸುರುಳಿ ಹಿಡಿದು ಬಂದು, ಬಾಗಿಲಲ್ಲೇ ನಿಂತು, "ಇಷ್ಟು ದಿನ ಎಲ್ಲಿದ್ರಮ್ಮ ನೀವೆಲ್ಲ?" ಅಂದರು.

"ಗಂಡಸರ ಕಪಾಟಿನ ಮುಂದೆ!" ಅಂತ ಒಬ್ಬಳು ಕೂಗಿದಳು. ಅಂಗಡಿ ಗೊಳ್ಳೆಂದಿತು.

ಆಮೇಲೆ ಯಜಮಾನಿಗೆ ಹೆಚ್ಚು ಹೇಳಬೇಕಾಗಲಿಲ್ಲ. ಅವರೇ ಅಟ್ಟೆ ಮಾಡುವವರ ಹತ್ತಿರ ಹೋಗಿ ಒಂಬತ್ತು, ಹತ್ತು, ಹನ್ನೊಂದರ ಅಚ್ಚು ಹಾಕಿಸಿದರು. ಆ ಆಸಾಮಿ ಮೊದಲು, "ಯಾರು ತಗೊಳ್ತಾರೆ ಮೇಡಂ?" ಅಂತ ಮೂಗು ಮುರಿದನಂತೆ. "ಒಂದು ತಂಡ ಕಳಿಸ್ತೀನಿ, ನೀನೇ ಕೇಳ್ಕೋ," ಅಂದರಂತೆ ಇವರು. ಅಂಗಡಿಯ ಒಳ್ಳೇ ಬೆಳಕಿನ ಜಾಗದಲ್ಲಿ ದೊಡ್ಡ ನಂಬರಿಗೆ ಅಂತಲೇ ಒಂದು ಕಪಾಟು ಬಂತು. ಅದನ್ನು ನೋಡಿಕೊಳ್ಳುವ ಜವಾಬ್ದಾರಿ ನಾದಿನಿಯದು. ಯಾವ ಬಣ್ಣ, ಯಾವ ಪಟ್ಟಿ, ಎಷ್ಟು ಎತ್ತರದ ಹಿಮ್ಮಡಿ ಅಂತ ಮೇಸ್ತ್ರಿಯ ಜೊತೆ ಕೂತು ವಾದ ಮಾಡುವಳು. ಎತ್ತರದ ಹಿಮ್ಮಡಿ ಬೇಡ ಅಂತ ಮೇಸ್ತ್ರಿ, ಬೇಕು ಅಂತ ಇವಳು. "ಇನ್ನೂ ಎಷ್ಟು ಎತ್ತರ ಆಗ್ತೀಯೇ?" ಅಂದರೆ, "ಆಗೋದು ಆದ್ಮೇಲೆ ಪೂರ್ತಿ ಆಗ್ಬೇಕು," ಅನ್ನುವಳು. ದೂರದ ಊರುಗಳಿಂದ ಹೆಂಗಸರು ಬಸ್ಸು ಹತ್ತಿ ಬರತೊಡಗಿದರು. ನಾಚಿಕೊಂಡು ಬಾಗಿಲಲ್ಲಿ ನಿಲ್ಲುವವರು, ನಂಬರು ಹೇಳಲು ಕಿವಿಯ ಹತ್ತಿರ ಬಗ್ಗುವವರು. ನಾದಿನಿ ಅವರ ಮುಂದೆ ತನ್ನ ಕಾಲು ಚಾಚಿ ನಿಲ್ಲುವಳು, ಅಷ್ಟಕ್ಕೇ ಅವರ ಮುಖ ಅರಳುವುದು. ಅತ್ತೆಗೆ ಒಂಬತ್ತನೇ ನಂಬರಿನ ಒಂದು ಕಪ್ಪು ಜೊತೆ ಮನೆಗೆ ಬಂತು. "ನಂಗ್ಯಾಕೆ ಈ ವಯಸ್ಸಲ್ಲಿ?" ಅಂತ ಬೈದರು. ಬೈಯುತ್ತಲೇ ಹಾಕಿಕೊಂಡು ಪಕ್ಕದ ಮನೆಗೆ ಏನೂ ಕೆಲಸವಿಲ್ಲದೆ ಹೋಗಿಬಂದರು.

ಆ ವರ್ಷ ಚಳಿ ಮುಗಿಯುವ ಹೊತ್ತಿಗೆ ಕ್ಯಾಪ್ಟನ್ ನಮ್ಮನ್ನೆಲ್ಲ ಒಂದು ಪಂದ್ಯಕ್ಕೆ ಕರೆದಳು. ಹೊಲಿಗೆಯವರು, ಅಂಗಡಿಯವರು, ಮೇಸ್ತ್ರಿ, ಅತ್ತೆ, ನನ್ನ ಗಂಡ, ಯಜಮಾನಿ, ಎಲ್ಲರೂ ಕಾರ್ಖಾನೆಯ ಸರಕು ಸಾಗಿಸುವ ಗಾಡಿಯ ಹಿಂದೆ ಕೂತು ಹೊರಟೆವು. ಅಟ್ಟಿ ಅಟ್ಟಿಯಾಗಿ ಡಬ್ಬ ತುಂಬುವ ಜಾಗದಲ್ಲಿ ಅಂದು ನಾವೇ ಡಬ್ಬಗಳು. ತಿರುವು ಬಂದಾಗಲೆಲ್ಲ ಎಲ್ಲರೂ ಒಬ್ಬರ ಮೇಲೊಬ್ಬರು.

ಬ್ಯಾಸ್ಕೆಟ್‌ಬಾಲ್ ಹೇಗೆ ಆಡುತ್ತಾರೆ ಅಂತ ನಮಗೆ ಯಾರಿಗೂ ಗೊತ್ತಿರಲಿಲ್ಲ. ಚೆಂಡು ಎತ್ತ ಹೋದರೂ ಕೂಗಿದೆವು. ಎದುರಾಳಿ ಬುಟ್ಟಿಗೆ ಹಾಕಿದಾಗಲೂ ಒಮ್ಮೆ ಅತ್ತೆ ಎದ್ದು ನಿಂತು ಚಪ್ಪಾಳೆ ತಟ್ಟಿದರು. "ಅಮ್ಮಾ, ಅವರು ಬೇರೆಯವರು!" ಅಂತ ಮಗ ಕೈ ಹಿಡಿದು ಎಳೆದ. "ಚೆನ್ನಾಗಿ ಹಾಕಿದ್ರಲ್ಲೋ," ಅಂದರು ಅವರು. ಮೇಸ್ತ್ರಿ ಆಟ ನೋಡಲೇ ಇಲ್ಲ. ಮೈದಾನದಲ್ಲಿ ಓಡುವ ಹತ್ತು ಜೊತೆ ಕಾಲುಗಳನ್ನೇ ನೋಡುತ್ತಾ, "ಆ ನೀಲಿ ಅಂಗಿಯವಳ ಬೂಟು ಹಿಮ್ಮಡೀಲಿ ಸಡಿಲ, ನೋಡು, ತಿರುಗೋವಾಗ ತಡವರಿಸ್ತಾಳೆ," ಅಂತ ಯಜಮಾನಿಗೆ ತೋರಿಸುತ್ತಿದ್ದರು. ಯಜಮಾನಿ ಬಗ್ಗಿ ನೋಡಿದರು. ಅವರ ಕಣ್ಣಲ್ಲಿ ಇನ್ನೊಂದು ಲೆಕ್ಕ ಆಗಲೇ ಶುರುವಾಗಿತ್ತು. "ಆಟದ ಬೂಟು ಮಾಡೋಕೆ ಬರುತ್ತಾ ನಿಮಗೆ?" ಅಂದರು. "ಬರಲ್ಲ," ಅಂದರು ಮೇಸ್ತ್ರಿ. "ಕಲಿಯೋಣ."

ನಮ್ಮ ತಂಡ ಸೋತಿತು. ಚೆನ್ನಾಗಿಯೇ ಸೋತಿತು. ಆಟ ಮುಗಿದು, ಕೈ ಕಾಲು ತೊಳೆದು, ಅವರೆಲ್ಲ ಹೊರಗೆ ಬಂದಾಗ ಸಂಜೆಯ ಬಿಸಿಲು ಮೈದಾನದ ಪಕ್ಕದ ಹುಲ್ಲಿನ ಮೇಲೆ ಬಿದ್ದಿತ್ತು. ಒಬ್ಬೊಬ್ಬರ ಕಾಲಲ್ಲೂ ನಮ್ಮ ಚಪ್ಪಲಿ. ದಾಳಿಂಬೆ, ಹಳದಿ, ಕಪ್ಪು, ಎಲೆಹಸಿರು. ಯಾರೋ ಫೋನಿನಲ್ಲಿ ಹಾಡು ಹಾಕಿದರು. ಕ್ಯಾಪ್ಟನ್ ಬಂದು ನಾದಿನಿಯ ಕೈ ಹಿಡಿದಳು.

"ನಂಗೆ ಕುಣಿಯೋಕೆ ಬರಲ್ಲ," ಅಂದಳು ನಾದಿನಿ.

"ನಂಗೆ ಗೆಲ್ಲೋಕೆ ಬರಲ್ಲ. ಏನೀಗ?" ಅಂದಳು ಕ್ಯಾಪ್ಟನ್.

ನಾದಿನಿ ಹೋದಳು. ಆ ಉದ್ದುದ್ದ ಹೆಂಗಸರ ನಡುವೆ ಅವಳು ಮೊದಲ ಸಲ ಎತ್ತರ ಅಂತ ಕಾಣಿಸಲಿಲ್ಲ. ತಾಳ ತಪ್ಪುತ್ತಿತ್ತು, ಕೈ ಎಲ್ಲೋ, ಕಾಲು ಎಲ್ಲೋ. ಅವಳಿಗೆ ಅದರ ಪರಿವೆಯೇ ಇರಲಿಲ್ಲ. ನನ್ನ ಗಂಡ ಬಾಯಿಗೆ ಎರಡು ಬೆರಳಿಟ್ಟು ಶಿಳ್ಳೆ ಹೊಡೆದ. ಯಜಮಾನಿ ತಮ್ಮ ಕೈಚೀಲವನ್ನು ಮೇಸ್ತ್ರಿಯ ಕೈಗೆ ಕೊಟ್ಟು, "ಇದನ್ನ ಹಿಡ್ಕೊಳ್ಳಿ," ಅಂತ ಹೇಳಿ ತಾವೂ ಹುಲ್ಲಿಗಿಳಿದರು. ನಾನು ಅತ್ತೆಯ ಕೈ ಹಿಡಿದು ಹುಲ್ಲಿನತ್ತ ಎಳೆದೆ.